ತಿಜೋರಿಗೂ ಒಂದಿಷ್ಟು ಗಾಳಿ ಬೇಕು

“ಬಳ್ಳಾರಿಯಲ್ಲಿ ಬೂಷ್ಟಾ? ಏನ್ರೀ ತಮಾಷೆ ಮಾಡ್ತೀರಾ?” ಅಂತ ನೀವು ನಗಬಹುದು. ನಾನೂ ಹಾಗೇ ನಗ್ತಿದ್ದೆ. ಬೂಷ್ಟಿನ ಚಿಂತೆ ಏನಿದ್ದರೂ ಮಲೆನಾಡಿನವರಿಗೆ, ಕರಾವಳಿಯವರಿಗೆ. ಬೆಳಿಗ್ಗೆ ಇಟ್ಟ ಸಂಡಿಗೆ ಸಂಜೆಯೊಳಗೆ ಗರಿಗರಿಯಾಗುವ ನಮ್ಮೂರಿಗೆ ಅದೆಲ್ಲಿಂದ ಬರಬೇಕು ಅನ್ನೋ ಜಂಬ ನನಗೂ ಇತ್ತು.

ಆ ಜಂಬ ಇಳಿದದ್ದು ಸಿರುಗುಪ್ಪದ ತವರುಮನೆಯಲ್ಲಿ. ಅಣ್ಣನಿಗೆ ಬ್ಯಾಂಕಿಗೆ ಕೊಡಲು ಗದ್ದೆಯ ಕ್ರಯಪತ್ರ ಬೇಕಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಗೋಡೆಯೊಳಗಿನ ತಿಜೋರಿಯನ್ನು ಅವ್ವ ತೆಗೆಯುತ್ತಿದ್ದುದು ವರ್ಷಕ್ಕೊಂದೇ ಸಲ, ದೀಪಾವಳಿಯ ಲಕ್ಷ್ಮೀಪೂಜೆಗೆ. ಬಾಗಿಲು ತೆರೆದಿದ್ದೇ ತಡ, ಗುಪ್ಪೆಂದು ಮುಗ್ಗಲು ವಾಸನೆ! ಹಿಂದಿನ ಪೂಜೆಯ ಹೂವು, ವೀಳ್ಯದೆಲೆ ಮೂಲೆಯಲ್ಲಿ ಕೊಳೆತು ಒಣಗಿದ್ದವು. ಅದರ ಕೆಳಗಿನ ಫೈಲಿನ ಮೇಲೆಲ್ಲಾ ಬೂದು ಹಸಿರು ಮಚ್ಚೆ. ಕ್ರಯಪತ್ರದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಣ್ಣ ಅವಸರದಲ್ಲಿ ಎಳೆದ, ಒಂದು ಪುಟ ಪರ್ರೆಂದು ಹರಿಯಿತು.

“ನಿಮ್ಮಪ್ಪ ಜೋಪಾನ ಮಾಡು ಅಂದಿದ್ರು. ಮಾಡೀನಿ ಅಂದ್ಕೊಂಡಿದ್ನಲ್ಲೇ...” ಅಂದಳು ಅವ್ವ. ಅವಳ ಮುಖ ನೋಡಲಾಗಲಿಲ್ಲ.

ಗೆಳತಿಯರೇ, ನಮ್ಮೆಲ್ಲರ ತಪ್ಪು ಇದೇ ಅಲ್ವಾ? ಬೀಗ ಹಾಕಿಟ್ಟರೆ ಜೋಪಾನ ಅಂದುಕೊಂಡಿದ್ದೇವೆ. ಕಳ್ಳರ ಮಟ್ಟಿಗೆ ಅದು ಸರಿ. ಬೂಷ್ಟಿನ ಮಟ್ಟಿಗೆ ಪೂರ್ತಿ ಉಲ್ಟಾ.

ಬಿಸಿಲೂರಿಗೆ ಬಂದದ್ದು ಹೇಗೆ?

ಬೂಷ್ಟಿಗೆ ಬೇಕಾದದ್ದು ಮೂರೇ: ತೇವ, ತಿನ್ನಲು ಏನಾದರೂ, ಅಲುಗಾಡದ ಗಾಳಿ. ಕಾಗದ, ಬಟ್ಟೆ, ಚರ್ಮ, ಅಂಟು, ಕೊನೆಗೆ ದೂಳಾದರೂ ಸರಿ, ಅದಕ್ಕೆ ಊಟವೇ. ಕಬ್ಬಿಣವನ್ನು ಅದು ತಿನ್ನುವುದಿಲ್ಲ, ಅದರ ಮೇಲೆ ಕೂತ ಕೊಳೆಯನ್ನು ತಿನ್ನುತ್ತದೆ. ಗಾಳಿಯ ತೇವಾಂಶ ಶೇ 60-65 ದಾಟಿ ಹಾಗೇ ನಿಂತರೆ ಸಾಕು, ಸಂಸಾರ ಹೂಡಿಬಿಡುತ್ತದೆ.

ಸಿರುಗುಪ್ಪದ ಸುತ್ತ ತುಂಗಭದ್ರೆಯ ಕಾಲುವೆ, ನೀರು ನಿಂತ ಭತ್ತದ ಗದ್ದೆ. ಹಳೆಯ ಗೋಡೆಗಳು ನೆಲದ ತೇವ ಹೀರುತ್ತವೆ. ಆ ಗೋಡೆಯ ಹೊಟ್ಟೆಯಲ್ಲೇ ತಿಜೋರಿ! ಇನ್ನು ಬಳ್ಳಾರಿ ಪಟ್ಟಣದ ನಮಗೆ ತೇವ ತರುವುದು ಯಾರು ಗೊತ್ತಾ? ಬೇಸಿಗೆಯ ನಮ್ಮ ಕೂಲರ್. ಮಲಗುವ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ರಾತ್ರಿಯಿಡೀ ಕೂಲರ್ ಹಾಕುತ್ತೇವೆ. ಅದು ಊದುವುದು ನೀರು ಬೆರೆತ ಗಾಳಿ. ಬೀರು ಇರುವುದೂ ಅದೇ ಕೋಣೆಯಲ್ಲಿ. ಬೆಳಿಗ್ಗೆ ಸೀರೆ ತೆಗೆಯಲು ಬಾಗಿಲು ತೆರೆದಾಗ ಒಳಹೊಕ್ಕ ತೇವ, ಬಾಗಿಲು ಹಾಕಿದ ಮೇಲೆ ಅಲ್ಲೇ ಬಂದಿ. ಬೀರುವಿನ ಬೆನ್ನಿಗೆ ಬಚ್ಚಲುಮನೆಯ ಗೋಡೆ ಇದ್ದರಂತೂ ಕೇಳಲೇಬೇಡಿ.

ಕುರುಗೋಡಿನಲ್ಲಿರುವ ನನ್ನ ಅಕ್ಕನ ಮನೆಯ ಕತೆ ಇನ್ನೊಂದು. ಬೆಂಕಿ ಬಿದ್ದರೂ ಏನೂ ಆಗಲ್ಲ ಅಂತ ನಂಬರ್ ಲಾಕಿನ ಹೊಸ ತಿಜೋರಿ ತಂದರು. ದೊಡ್ಡಬಸವೇಶ್ವರನ ಜಾತ್ರೆಗೆ ಹೋಗಲು ಒಡವೆ ತೆಗೆದರೆ ಮಖಮಲ್ ಡಬ್ಬಿಗಳ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗಿತ್ತು! ಬೆಂಕಿ ತಡೆಯುವ ತಿಜೋರಿಗಳ ಗೋಡೆಯೊಳಗೆ ಜಿಪ್ಸಂ ಅಥವಾ ಕಾಂಕ್ರೀಟಿನಂಥ ಪದಾರ್ಥ ತುಂಬಿರುತ್ತಾರೆ. ಅದರಲ್ಲಿ ಅಡಗಿರುವ ನೀರೇ ಬೆಂಕಿ ಬಿದ್ದಾಗ ಆವಿಯಾಗಿ ಒಳಗಿನದನ್ನು ಕಾಪಾಡುವುದು. ಆದರೆ ಅದೇ ನೀರಿನ ಪಸೆ ಉಳಿದ ದಿನಗಳಲ್ಲೂ ಸ್ವಲ್ಪ ಸ್ವಲ್ಪವೇ ಒಳಗೆ ಸೇರುತ್ತಿರುತ್ತದೆ. ಹಾಗಾಗಿ ಇಂಥ ತಿಜೋರಿಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ತೆರೆದಿಡಬೇಕು.

ಶುಚಿ ಮಾಡುವ ಮೊದಲು...

ಬೂಷ್ಟು ಕಂಡ ಕೂಡಲೇ ಪೊರಕೆ ಹಿಡಿದು ಝಾಡಿಸಬೇಡಿ. ಫ್ಯಾನ್, ಕೂಲರ್ ಮೊದಲು ಆರಿಸಿ. ಇಲ್ಲದಿದ್ದರೆ ಅದರ ಕಣಗಳು ಮನೆಯೆಲ್ಲಾ ಹರಡುತ್ತವೆ. ಕಿಟಕಿ ತೆರೆಯಿರಿ. ಎನ್-95 ಮಾಸ್ಕ್, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಕೋವಿಡ್ ಕಾಲದ ಮಾಸ್ಕು ಯಾವುದೋ ಡ್ರಾದಲ್ಲಿ ಇದ್ದೇ ಇರುತ್ತಲ್ಲ! ಅಸ್ತಮಾ ಇರುವವರು, ಬಸುರಿಯರು, ಮಕ್ಕಳು ಹತ್ತಿರ ಬರುವುದು ಬೇಡ.

* ಎಲ್ಲವನ್ನೂ ಹೊರಗೆ ತೆಗೆದು ಅಂಗಳದಲ್ಲೋ ತಾರಸಿಯಲ್ಲೋ ನೆರಳಿನಲ್ಲಿ ಹರವಿ. ಬೂಷ್ಟು ಹಿಡಿದ ರಟ್ಟಿನ ಡಬ್ಬಿ, ಹಾಸಿದ ನ್ಯೂಸ್‌ಪೇಪರ್, ಸ್ಪಂಜು ಎಲ್ಲಾ ಕವರಿಗೆ ಕಟ್ಟಿ ಎಸೆಯಿರಿ. ಆಸೆ ಬೇಡ.

* ತಿಜೋರಿಯ ಒಳಗನ್ನು ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ತಕ್ಷಣ ಒಣಬಟ್ಟೆಯಿಂದ ಒರೆಸಿ. ಆಮೇಲೆ ಸರ್ಜಿಕಲ್ ಸ್ಪಿರಿಟ್ಟನ್ನು ಬಟ್ಟೆಗೆ ಹಾಕಿಕೊಂಡು ಇನ್ನೊಂದು ಸಲ. ಬಣ್ಣ ಏಳುತ್ತದಾ ಅಂತ ಮೂಲೆಯಲ್ಲಿ ಮೊದಲು ನೋಡಿ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ದೇವರ ದೀಪ, ಊದುಬತ್ತಿ ಹತ್ತಿರ ಇರಕೂಡದು. ನಂಬರ್ ಲಾಕಿಗೆ ಯಾವ ದ್ರವವೂ ತಾಗದಿರಲಿ.

* ಬ್ಲೀಚಿಂಗ್ ನೀರು ಬೇಡ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಅಪ್ಪಿತಪ್ಪಿಯೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

* ಬಾಗಿಲು ತೆರೆದು ಪೂರ್ತಿ ಒಂದು ದಿನ ಒಣಗಲು ಬಿಡಿ. ಒಣಗುವ ಮೊದಲೇ ತುಂಬಿಟ್ಟರೆ ಮಾಡಿದ್ದೆಲ್ಲಾ ದಂಡ.

ಕಾಗದ, ಸೀರೆ, ಒಡವೆ

ಅಂಟಿಕೊಂಡ ಹಾಳೆಗಳನ್ನು ನಮ್ಮಣ್ಣನ ಹಾಗೆ ಎಳೆಯಬೇಡಿ. ನೆರಳಲ್ಲಿ, ಗಾಳಿ ಆಡುವ ಕಡೆ ಒಣಗಿಸಿ. ಸುಲಭವಾಗಿ ಬಿಡುವ ಹಾಳೆಗಳ ನಡುವೆ ಬಿಳಿ ಹತ್ತಿ ಬಟ್ಟೆ ಇಡಿ. ಬಿರುಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ. ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಬೂಷ್ಟು ಉದುರಿಸಿ. ಕಾಗದ ಪೂರಾ ತೊಯ್ದಿದ್ದು ಎರಡು ದಿನದಲ್ಲಿ ಒಣಗಿಸಲು ಆಗದಿದ್ದರೆ, ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಿನಲ್ಲಿಡಿ. ತಣ್ಣಗಿದ್ದಷ್ಟು ದಿನ ಬೂಷ್ಟು ಬೆಳೆಯುವುದಿಲ್ಲ, ನಿಮಗೆ ಪುರುಸೊತ್ತು ಸಿಗುತ್ತದೆ. ಮೂಲ ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ.

ರೇಷ್ಮೆ ಸೀರೆಯನ್ನು ನೆರಳಲ್ಲಿ ಹರವಿ, ಬ್ರಷ್ ಮಾಡಿ ಡ್ರೈಕ್ಲೀನಿಂಗಿಗೆ ಕೊಡಿ. ಬರೀ ಚಿನ್ನವಾದರೆ ಉಗುರುಬೆಚ್ಚಗಿನ ಸೋಪಿನ ನೀರು ಸಾಕು. ಮುತ್ತು, ಹವಳಕ್ಕೆ ಸ್ಪಿರಿಟ್ ತಾಗಿಸಬೇಡಿ, ಹೊಳಪು ಹೋಗುತ್ತದೆ.

ನೋಟು ಕೂಡಿಡುವ ಅಭ್ಯಾಸ ಇದೆಯಾ? 2023ರಲ್ಲಿ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ತಾಯಿಯೊಬ್ಬರು ಮಗಳ ಮದುವೆಗೆಂದು ಬ್ಯಾಂಕ್ ಲಾಕರಿನಲ್ಲಿಟ್ಟ 18 ಲಕ್ಷ ರೂಪಾಯಿಯನ್ನು ಗೆದ್ದಲು ತಿಂದು ಪುಡಿ ಮಾಡಿತ್ತು. ಗೆದ್ದಲು ಬರುವುದೂ ತೇವ ಹುಡುಕಿಕೊಂಡೇ. ಮಾಸಿದ, ಹರಿದ ನೋಟನ್ನು ಬ್ಯಾಂಕಿನಲ್ಲಿ ಬದಲಾಯಿಸಬಹುದು. ಆದರೆ 50 ರೂಪಾಯಿ ಮತ್ತು ಮೇಲಿನ ನೋಟಿನ ಶೇ 80ಕ್ಕಿಂತ ಹೆಚ್ಚು ಭಾಗ ಒಂದೇ ತುಂಡಾಗಿ ಉಳಿದಿದ್ದರೆ ಮಾತ್ರ ಪೂರ್ತಿ ಹಣ. ಪುಡಿಯಾದರೆ ದೇವರೇ ಗತಿ. ಖಾತೆಗೆ ಹಾಕುವುದೇ ಜಾಣತನ.

ಮತ್ತೆ ಬರದ ಹಾಗೆ

ನಾವು ಮಾಡುವ ಕೆಲವು ಉಪಾಯ ಕೆಲಸಕ್ಕೆ ಬರುವುದಿಲ್ಲ. ಡಾಂಬರು ಗುಳಿಗೆ ಹುಳ ಓಡಿಸುತ್ತದೆಯೇ ಹೊರತು ತೇವ ಹೀರುವುದಿಲ್ಲ. ಹಸಿ ಬೇವಿನ ಸೊಪ್ಪು ಇಟ್ಟರೆ ನಾವೇ ತೇವ ಒಳಗಿಟ್ಟ ಹಾಗೆ. ಅಕ್ಕಿ ಗಂಟು ಕಟ್ಟಿಟ್ಟರೆ ನುಸಿಗೆ ಹಬ್ಬ! ಪೂಜೆಯ ಹೂವು, ಎಲೆ, ಒದ್ದೆ ಅರಿಶಿನ ಕುಂಕುಮವನ್ನು ಮರುದಿನವೇ ತೆಗೆದುಬಿಡಿ. ಲಕ್ಷ್ಮಿ ಬೇಸರ ಮಾಡಿಕೊಳ್ಳುವುದಿಲ್ಲ, ಅವಳಿಗೂ ಶುಚಿಯಾದ ಜಾಗವೇ ಇಷ್ಟ.

ಬದಲಿಗೆ ಸಿಲಿಕಾ ಜೆಲ್ ಪೊಟ್ಟಣ ತನ್ನಿ. ಬಣ್ಣ ಬದಲಾಯಿಸುವ ಬಗೆಯದಾದರೆ ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಆಗ ಅದನ್ನು ಬದಲಾಯಿಸಿ. ಮಕ್ಕಳ ಕೈಗೆ ಮಾತ್ರ ಸಿಗದಿರಲಿ. ತೇವಾಂಶ ತೋರಿಸುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ 50ರ ಒಳಗಿದ್ದರೆ ನಿಶ್ಚಿಂತೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳಾದರೂ ಈಚೆ ಸರಿಸಿ, ಕೆಳಗೆ ಹಲಗೆ ಕೊಡಿ. ಕೂಲರ್ ಹಾಕಿದಾಗ ಒಂದು ಕಿಟಕಿ ತೆರೆದಿರಲಿ, ಬೀರು ಮುಚ್ಚಿರಲಿ. ಗೋಡೆ ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಉಳಿದದ್ದು ಆಮೇಲೆ.

ಎಲ್ಲಕ್ಕಿಂತ ದೊಡ್ಡ ಔಷಧ ನಮ್ಮಲ್ಲಿ ಪುಕ್ಕಟೆ ಸಿಗುತ್ತದೆ: ಬಳ್ಳಾರಿಯ ಒಣ ಮಧ್ಯಾಹ್ನ. ತಿಂಗಳಿಗೊಮ್ಮೆ, ಮಳೆ ಮೋಡ ಇಲ್ಲದ ದಿನ, ನೀವು ಮನೆಯಲ್ಲೇ ಇದ್ದು, ಮುಂಬಾಗಿಲು ಹಾಕಿಕೊಂಡು, ಒಂದು ಗಂಟೆ ತಿಜೋರಿ ತೆರೆದಿಡಿ.

ಆ ಒಂದು ಗಂಟೆ ಸುಮ್ಮನೆ ಕೂರಬೇಡಿ. ಒಳಗೆ ಏನೇನಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪತ್ರಗಳ ಜೆರಾಕ್ಸ್ ಮಾಡಿಸಿ ಬೇರೆ ಕಡೆ ಇಡಿ. ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುವ ನಮ್ಮಲ್ಲಿ ಎಷ್ಟು ಜನ ಆ ಕಾಗದಗಳನ್ನು ಬಿಚ್ಚಿ ಓದಿದ್ದೇವೆ, ಹೇಳಿ? ಅದೆಲ್ಲಾ ಗಂಡಸರ ವ್ಯವಹಾರ ಅಂದುಕೊಂಡೇ ಬಂದಿದ್ದೇವೆ.

ಹರಿದ ಕ್ರಯಪತ್ರ ನೋಂದಣಿಯಾದದ್ದು, ಹಾಗಾಗಿ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಸಿಕ್ಕಿತು. ಆದರೆ ಅಪ್ಪ ಅವ್ವನ ಮದುವೆಯ ಒಂದೇ ಒಂದು ಫೋಟೋ ಬೂಷ್ಟಿನ ಪಾಲಾಯಿತು. ಅದಕ್ಕೆ ಎಲ್ಲಿಯ ನಕಲು?

ಉಳಿದ ಕಾಗದಗಳನ್ನು ಜಗುಲಿಯಲ್ಲಿ ಹರವಿ ಒಂದೊಂದಾಗಿ ಓದಿ ಹೇಳುತ್ತಿದ್ದೆ. ಒಂದು ಪತ್ರದಲ್ಲಿ ಅವ್ವನ ಹೆಸರೇ ಇತ್ತು. ಎರಡು ಎಕರೆ ಗದ್ದೆಯನ್ನು ಅಪ್ಪ ಅವಳ ಹೆಸರಿಗೇ ಕೊಂಡಿದ್ದರು! ಎಲ್ಲೋ ಒಂದು ಕಡೆ ಸಹಿ ಮಾಡಿದ್ದಷ್ಟೇ ಅವಳಿಗೆ ನೆನಪು. “ನಂದಾ? ಸರಿಯಾಗಿ ಓದೇ ಇನ್ನೊಂದ್ಸಲ” ಅಂದಳು.

ಓದಿದೆ. ಈಗ ಪ್ರತಿ ತಿಂಗಳೂ ಅವ್ವನೇ ತಿಜೋರಿ ತೆಗೆಯುತ್ತಾಳೆ, ಯಾರೂ ನೆನಪಿಸಬೇಕಾಗಿಲ್ಲ.