‘ಅಡ್ಡಪರಿಣಾಮವಿಲ್ಲ’ ಎಂಬ ಅವಮಾನ

ಮಳೆಗಾಲ ಮುಗಿದು ಚಳಿ ಶುರುವಾಗುತ್ತಿದ್ದಂತೆ ಮುಂಬಯಿ ಕೆಮ್ಮತೊಡಗುತ್ತದೆ. ಕಟ್ಟಡಗಳ ಧೂಳು, ವಾಹನಗಳ ಹೊಗೆ, ಕಿಕ್ಕಿರಿದ ಲೋಕಲ್ ಡಬ್ಬಿ. ದಾದರ್‌ನಿಂದ ಡೊಂಬಿವಲಿವರೆಗೆ ಔಷಧದಂಗಡಿಗಳಲ್ಲಿ ಗಿಡಮೂಲಿಕೆ ಸಿರಪ್ಪುಗಳು ಸಾಲುಗಟ್ಟುತ್ತವೆ. ಅವುಗಳ ಪರವಾಗಿ ಎಲ್ಲರೂ ಆಡುವ ಮಾತು ಒಂದೇ: ನೈಸರ್ಗಿಕ, ಅಡ್ಡಪರಿಣಾಮವಿಲ್ಲ. ಗಿಡಮೂಲಿಕೆಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಮೈಯಲ್ಲಿ ಏನನ್ನೂ ಮಾಡದ ವಸ್ತುವಿಗೆ ಮಾತ್ರ ಅಡ್ಡಪರಿಣಾಮ ಇರುವುದಿಲ್ಲ. ಮರಾಠಿಗರ ಅಡುಳಸಾ, ಕನ್ನಡಿಗರ ಆಡುಸೋಗೆ ಅಂಥ ಸಪ್ಪೆ ಸೊಪ್ಪಲ್ಲ. ಅದರಲ್ಲಿರುವ ವ್ಯಾಸಿಸಿನ್ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ತಯಾರಾಯಿತು. ಅದರ ಬೆನ್ನಿಗೆ ಬಂದ ಆಂಬ್ರಾಕ್ಸಾಲ್ ಇವತ್ತು ‘ಇಂಗ್ಲಿಷ್ ಔಷಧ’ದ ಕಪಾಟಿನಲ್ಲಿದೆ. ಅದೇ ವ್ಯಾಸಿಸಿನ್‌ಗೆ ಗರ್ಭಕೋಶವನ್ನು ಸಂಕುಚಿಸುವ ಗುಣವೂ ಇದೆ. ಬಸುರಿಯರಿಗೆ ಅದು ಸಲ್ಲದು. ಜ್ಯೇಷ್ಠಮಧುವನ್ನು ಬಹುಕಾಲ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಚೀನೀ ವೈದ್ಯದ ಕಥೆಯೂ ಇದೇ. ಉಬ್ಬಸಕ್ಕೆ ಅಲ್ಲಿ ಶತಮಾನಗಳಿಂದ ಕೊಡುತ್ತ ಬಂದ ಗಿಡ ಮಾಹುವಾಂಗ್. 1885ರಲ್ಲಿ ಜಪಾನಿನ ನಾಗಾಯ್ ಅದರಿಂದ ಎಫೆಡ್ರಿನ್ ಬೇರ್ಪಡಿಸಿದರು. ಮುಂದೆ ಅದು ಜಗತ್ತಿನ ಅಸ್ತಮಾ ಔಷಧವಾಯಿತು. ಅದೇ ಗಿಡ ಅಮೆರಿಕದಲ್ಲಿ ತೂಕ ಇಳಿಸುವ ‘ನೈಸರ್ಗಿಕ’ ಗುಳಿಗೆಯಾಗಿ ಬಿಕರಿಯಾದಾಗ ಹೃದಯಾಘಾತ, ಪಾರ್ಶ್ವವಾಯುಗಳ ವರದಿಗಳು ಬಂದವು, 2004ರಲ್ಲಿ ನಿಷೇಧವಾಯಿತು. ಗಿಡ ಬದಲಾಗಿರಲಿಲ್ಲ. ನಾಡಿ ನೋಡಿ ಅಳತೆ ಹೇಳುವ ವೈದ್ಯ ಮಾತ್ರ ನಡುವಿನಿಂದ ಮಾಯವಾಗಿದ್ದ.

‘ಅಲೋಪತಿ ಸಿರಪ್ ಮಕ್ಕಳನ್ನೇ ಕೊಲ್ಲಲಿಲ್ಲವೇ?’ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಕೊಂದಿದೆ. 2025ರಲ್ಲಿ ಛಿಂದ್ವಾಡಾದಲ್ಲಿ ಕೊಂದದ್ದು ಸಿರಪ್ಪಿನೊಳಗಿನ ಡೈಎಥಿಲೀನ್ ಗ್ಲೈಕಾಲ್. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್‌ನಲ್ಲಿ ಬೆರೆತು 14 ರೋಗಿಗಳನ್ನು ಬಲಿ ತೆಗೆದುಕೊಂಡದ್ದೂ ಅದೇ ವಿಷ. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ಬೇರುಗಳನ್ನು ಅಗೆದು ತೋರಿಸಿತು. ಈ ಸಾವುಗಳು ಹೇಳುವುದು ಪದ್ಧತಿ ಯಾವುದೆಂದು ಕೇಳಿ ಎಂದಲ್ಲ, ಬಾಟಲಿಯಲ್ಲಿ ಏನಿದೆಯೆಂದು ಕೇಳಿ ಎಂದು. ಆ ಪ್ರಶ್ನೆಯಿಂದ ಗಿಡಮೂಲಿಕೆಗೆ ವಿನಾಯಿತಿ ಏಕೆ? ಶಾಸ್ತ್ರಗ್ರಂಥದಲ್ಲಿರುವ ಯೋಗವನ್ನೇ ತಯಾರಿಸಿದರೆ ಸುರಕ್ಷತಾ ಅಧ್ಯಯನ ಬೇಕಿಲ್ಲ ಎನ್ನುತ್ತದೆ ಔಷಧ ನಿಯಮಾವಳಿಯ 158-ಬಿ. ಗ್ರಂಥ ಬರೆದವರು ಇಂದಿನ ಕಾರ್ಖಾನೆಯನ್ನು ಕಂಡವರಲ್ಲ.

ಮುಂಬಯಿಯಲ್ಲಿ ಈ ಉದಾಸೀನ ದುಬಾರಿ. ಇದು ಕ್ಷಯದ ಊರು. ಔಷಧಕ್ಕೆ ಜಗ್ಗದ ಕ್ಷಯದ ಊರು ಕೂಡ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಬೇಕೆಂದು ಸರ್ಕಾರದ ಕ್ಷಯ ಕಾರ್ಯಕ್ರಮವೇ ಹೇಳುತ್ತದೆ. ‘ಹೇಗೂ ಹಾನಿಯಿಲ್ಲವಲ್ಲ’ ಎಂದು ಮೂರನೆಯ ಬಾಟಲಿ ಒಡೆಯುವಷ್ಟರಲ್ಲಿ ಚಾಳಿನ ಅದೇ ಕೋಣೆಯಲ್ಲಿ ಮಲಗುವ ಮಗುವಿಗೂ ರೋಗ ದಾಟಿರಬಹುದು.

ಕಷಾಯ ಕುಡಿಯಬೇಡಿ ಎಂಬುದಲ್ಲ ವಾದ. ಅದನ್ನು ಔಷಧವೆಂದು ಗೌರವಿಸುವುದಾದರೆ ಬಾಟಲಿಯ ಮೇಲೆ ಮೂರು ಸಾಲು ದಪ್ಪಕ್ಷರದಲ್ಲಿ ಬರಲಿ: ಯಾರಿಗೆ ಸಲ್ಲದು, ಎಷ್ಟು ದಿನ ಕುಡಿಯಬಹುದು, ಎಂದು ನಿಲ್ಲಿಸಿ ಕಫ ಪರೀಕ್ಷೆಗೆ ಹೋಗಬೇಕು. ಅಷ್ಟನ್ನೂ ಬರೆಯಲಾಗದ್ದು ಔಷಧವಲ್ಲ, ಶರಬತ್ತು.