ದೇಶಗಳ ಶ್ರೇಣಿಯೂ ಬ್ಯಾಡಗಿಯ ದರವೂ

ಲೋಕದ ದೇಶಗಳನ್ನು ಸಾಲಾಗಿ ನಿಲ್ಲಿಸಿ ಯಾರ ಬಾಳು ಎಷ್ಟು ಹಸನೆಂದು ನಿರ್ಣಯಿಸುವ ಹಂಬಲ ಅರ್ಥಶಾಸ್ತ್ರಜ್ಞರಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ದಾದಾಭಾಯಿ ನವರೋಜಿಯವರು ಹಿಂದುಸ್ಥಾನದ ಪ್ರಜೆಯ ತಲಾ ವರಮಾನವನ್ನು ವರ್ಷಕ್ಕೆ 20 ರೂಪಾಯಿಯೆಂದು ಗಣಿಸಿ, ಸೆರೆಮನೆಯ ಕೈದಿಯ ಅನ್ನವಸ್ತ್ರಕ್ಕೆ ಸರ್ಕಾರವೇ ಅದಕ್ಕಿಂತ ಹೆಚ್ಚು ವೆಚ್ಚಮಾಡುವುದೆಂದು ತೋರಿಸಿದ್ದರು. ನೂರು ಭಾಷಣಗಳಿಗಿಲ್ಲದ ಮೊನೆ ಆ ಹೋಲಿಕೆಗಿತ್ತು. 1990ರಲ್ಲಿ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನರ ನೆರವಿನಿಂದ ರೂಪಿಸಿದ ಮಾನವ ಅಭಿವೃದ್ಧಿ ಸೂಚ್ಯಂಕವು ವರಮಾನದೊಡನೆ ಆಯುಷ್ಯವನ್ನೂ ವಿದ್ಯೆಯನ್ನೂ ಗಣನೆಗೆ ತಂದುದು ಮಹದುಪಕಾರವೇ ಸರಿ. ಹಾವೇರಿಯ ಖಾನಾವಳಿಯ ರೊಟ್ಟಿಯೂಟ ಡಾಲರಿನ ಲೆಕ್ಕದಲ್ಲಿ ಅಗ್ಗವಾಗಿ ತೋರುವ ತೊಡಕಿಗೂ ಕೊಳ್ಳುವ ಶಕ್ತಿಯ ಗಣಿತದಿಂದ ಪರಿಹಾರ ಕಂಡುಕೊಂಡಿದ್ದಾರೆ. 2025ರ ವರದಿಯಂತೆ 193 ದೇಶಗಳಲ್ಲಿ ಭಾರತದ್ದು 130ನೆಯ ಸ್ಥಾನ.

ಈ ಒಂದು ಅಂಕಿಯಲ್ಲಿ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೂ, ಆ ಬೀಜದ ಹೊಲದಲ್ಲಿ ದಿನಗೂಲಿಗೆ ದುಡಿಯುವ ಹೆಣ್ಣುಮಗಳೂ ಒಟ್ಟಿಗೇ ಅಡಗಿದ್ದಾರೆ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ತಾಲ್ಲೂಕನ್ನೇ ಘಟಕವಾಗಿ ಹಿಡಿದು, ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಸಾರಿದುದು ಈ ಕಾರಣದಿಂದಲೇ ಬೆಲೆಯುಳ್ಳ ಕೆಲಸ.

ಆದರೂ ಯಾವ ಸೂಚ್ಯಂಕಕ್ಕೂ ನಿಲುಕದ ಒಂದು ಸಂಗತಿಯನ್ನು ಕಾಣಬೇಕಾದರೆ ಹಂಗಾಮಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಬೇಕು. ಘಾಟಿಗೆ ಸೀನುತ್ತ ನಿಂತವರ ನಡುವೆ ಖರೀದಿದಾರನು ಚೀಲದ ಬಾಯಿಗೆ ಕೈಹಾಕಿ, ಸುಕ್ಕುಗಟ್ಟಿದ ಕಾಯೊಂದನ್ನು ಮುರಿದು ಬಣ್ಣ ನೋಡಿ, ಹಿಡಿಯಲ್ಲಿ ಹಿಚುಕಿ ತೇವ ನೋಡಿ, ಒಂದು ಮಾತೂ ಆಡದೆ ಮುಂದಿನ ಲಾಟಿಗೆ ಸರಿಯುತ್ತಾನೆ. ಟೆಂಡರಿನ ದರ ಹೊರಬೀಳುವವರೆಗೆ ಬೆಳೆಗಾರ ದಲಾಲಿ ಅಂಗಡಿಯ ಮುಂದೆ ಕುಳಿತಿರಬೇಕು. ಸೊಸೈಟಿಯ ಸಾಲ, ಮಗನ ಕಾಲೇಜಿನ ಫೀ, ಮನೆಯ ಮದುವೆ ಎಲ್ಲವೂ ಆ ದರಕ್ಕೆ ಕಾದಿರುತ್ತವೆ. 2024ರ ಮಾರ್ಚಿನಲ್ಲಿ ದರ ಕುಸಿದಾಗ ರೊಚ್ಚಿಗೆದ್ದವರು ಎಪಿಎಂಸಿ ಕಚೇರಿಗೇ ಬೆಂಕಿಯಿಟ್ಟರು. ಆ ಕೃತ್ಯವನ್ನು ನಾವು ಸಮರ್ಥಿಸೆವು. ಆದರೆ ಅದರ ಹಿಂದಿನ ಭೀತಿ ಯಾವ ತಲಾ ವರಮಾನದ ಪಟ್ಟಿಯಲ್ಲಿಯೂ ದಾಖಲಾಗದು.

ಈ ಭೀತಿಯ ಕಡೆಯಿಂದ ನೋಡಿದರೆ, ಪಶ್ಚಿಮ ಯುರೋಪಿನ ದೇಶಗಳಿಗೂ ನಮಗೂ ಇರುವ ಮುಖ್ಯ ಅಂತರ ಗಳಿಕೆಯ ಎತ್ತರದಲ್ಲಿ ಮಾತ್ರವಲ್ಲ, ಕೆಲಸ ಹೋದರೆ, ಕಾಯಿಲೆ ಬಿದ್ದರೆ ಮನುಷ್ಯನು ಎಷ್ಟು ಆಳಕ್ಕೆ ಬೀಳಬಲ್ಲನೆಂಬುದರಲ್ಲಿಯೂ ಉಂಟು. ಹಾವೇರಿ ಜಿಲ್ಲೆಯ ಮುಂದಿನ ಮಾನವ ಅಭಿವೃದ್ಧಿ ವರದಿಯನ್ನು ಬರೆಯುವವರು ಸರಾಸರಿ ವರಮಾನದ ಮಗ್ಗುಲಲ್ಲಿಯೇ, ಬೆಳೆಗಾರರ ಕುಟುಂಬಗಳು ದರ ಬಿದ್ದ ವರ್ಷದಲ್ಲಿ ಎಷ್ಟರಲ್ಲಿ ಬದುಕಿದವೆಂಬುದಕ್ಕೂ ಒಂದು ಕಲಂ ತೆರೆಯಲಿ.