‘ಆಬ್ವಿಯೇಟ್’ ಮಾಡಿದ ಅವಾಂತರ

ಮೊನ್ನೆ ಮೆಟ್ರೋದಲ್ಲಿ ನಿಂತಿದ್ದೆ. ಪಕ್ಕದ ಹುಡುಗನ ಫೋನಿನಲ್ಲಿ ಒಂದು ರೀಲ್ ಓಡ್ತಿತ್ತು. ಕೋಟು ತೊಟ್ಟ ಮೇಷ್ಟ್ರೊಬ್ಬರು ಬೆರಳು ಆಡಿಸಿ ಗದರಿಸ್ತಿದ್ದರು. ‘ವೆರಿ ಟಯರ್ಡ್’ ಅನ್ನೋದನ್ನ ಇವತ್ತೇ ಬಿಡಿ, ‘ಎಕ್ಸಾಸ್ಟೆಡ್’ ಅನ್ನಿ. ‘ವೆರಿ ಹ್ಯಾಪಿ’ ಅನ್ನಬೇಡಿ, ‘ಇಲೇಟೆಡ್’ ಅನ್ನಿ. ಹುಡುಗ ಒಂದೊಂದನ್ನೂ ತುಟಿಯಲ್ಲೇ ಹೇಳ್ಕೊಳ್ತಿದ್ದ. ಕೊರಳಲ್ಲಿ ಯಾವುದೋ ಕಂಪನಿಯ ಹೊಸ ಐಡಿ ಕಾರ್ಡು. ಮೆಜೆಸ್ಟಿಕ್ ಬರೋ ಹೊತ್ತಿಗೆ ಹತ್ತು ಪದ ಮುಗಿದಿತ್ತು. ಅವನ ಹೆಗಲ ಮೇಲೆ ಕೈ ಹಾಕಿ ‘ಗುರೂ, ಇದೆಲ್ಲ ಬೇಡ’ ಅನ್ನಬೇಕು ಅನ್ನಿಸ್ತು. ಅನ್ನಲಿಲ್ಲ. ಅನ್ನಬೇಕಾಗಿದ್ದದ್ದನ್ನ ಇಲ್ಲಿ ಬರೀತಿದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಇಂಗ್ಲಿಷ್ ವಿರೋಧಿ ಅಲ್ಲ. ನನ್ನ ಮನೆ ಬಾಡಿಗೆ ಕಟ್ಟೋದೇ ಇಂಗ್ಲಿಷು. ನನ್ನ ಜಗಳ ಇರೋದು ಇಂಗ್ಲಿಷ್ ಕಲಿಯೋದು ಅಂದ್ರೆ ಯಾರಿಗೂ ಗೊತ್ತಿಲ್ಲದ ಪದಗಳನ್ನ ಗುಡ್ಡೆ ಹಾಕೋದು ಅನ್ನೋ ನಂಬಿಕೆಯ ಜೊತೆ. ಆ ನಂಬಿಕೆಯನ್ನ ನಮಗೆ ಮಾರ್ತಿರೋರ ಜೊತೆಗೂ ಹೌದು.

ನಾನೂ ಅದನ್ನ ಕೊಂಡವನೇ. ಶಿರಾ ಹತ್ತಿರದ ಹಳ್ಳಿಯವನು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಬೆಂಗಳೂರಿಗೆ ಬಂದ ಮೊದಲ ವಾರವೇ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದದ್ದು ನಾರ್ಮನ್ ಲೂಯಿಸ್ ಬರೆದ ‘ವರ್ಡ್ ಪವರ್ ಮೇಡ್ ಈಸಿ’. 1949ರಲ್ಲಿ ಅಮೆರಿಕದಲ್ಲಿ ಬಂದ ಪುಸ್ತಕ, ಇವತ್ತಿಗೂ ನಮ್ಮ ಫುಟ್‌ಪಾತುಗಳ ಮೇಲೆ ರಾಜನ ಹಾಗೆ ಕೂತಿದೆ. ಪಾಪ, ಲೂಯಿಸ್ ಪದಗಳ ಬೇರು ಹಿಡಿದು ಕಲಿಸಿದ. ಗ್ರೀಕ್‌ನಿಂದ ಬಂದದ್ದು ಯಾವುದು, ಲ್ಯಾಟಿನ್‌ನಿಂದ ಬಂದದ್ದು ಯಾವುದು, ಒಂದು ಬೇರಿನಿಂದ ಎಷ್ಟು ಕೊಂಬೆ ಒಡೀತವೆ ಅಂತ ತೋರಿಸಿದ. ನಾನು ಬೇರು ಬಿಟ್ಟು ಎಲೆ ಕಿತ್ತುಕೊಂಡೆ. ಹಾಸ್ಟೆಲಿನ ಗೋಡೆ ತುಂಬ ಹಳದಿ ಚೀಟಿ. ದಿನಕ್ಕೆ ಹತ್ತು ಪದ.

ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಅಮೆರಿಕದ ಕ್ಲೈಂಟಿಗೆ ಮೊದಲ ಸಲ ನಾನೇ ಮೇಲ್ ಬರೆಯೋ ಭಾಗ್ಯ ಬಂತು. ಮುಂದಿನ ಕಾಲ್‌ನಲ್ಲಿ ನಿಮ್ಮ ರಿಕ್ವೈರ್‌ಮೆಂಟುಗಳನ್ನ ಸ್ಪಷ್ಟ ಮಾಡ್ಕೊಳ್ತೀವಿ ಅಂತ ಹೇಳಬೇಕಿತ್ತು. ಅಷ್ಟೇ. ಗೋಡೆ ಮೇಲಿನ ಚೀಟಿಯೊಂದು ನೆನಪಾಯ್ತು, ‘ಆಬ್ವಿಯೇಟ್’. ‘ಆಬ್ವಿಯಸ್’ನ ನೆಂಟ ಇರಬೇಕು, ಅಂದ್ರೆ ಸ್ಪಷ್ಟಗೊಳಿಸೋದು ಅಂದುಕೊಂಡೆ. ‘ವಿ ವಿಲ್ ಆಬ್ವಿಯೇಟ್ ಯುವರ್ ರಿಕ್ವೈರ್‌ಮೆಂಟ್ಸ್’ ಅಂತ ಬರೆದು, ಎರಡು ಸಲ ಓದಿ, ಹೆಮ್ಮೆಯಿಂದ ಕಳಿಸಿದೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಆಬ್ವಿಯೇಟ್ ಅಂದ್ರೆ ಒಂದು ವಸ್ತು ಬೇಕಾಗೇ ಇಲ್ಲದ ಹಾಗೆ ಮಾಡೋದು. ನಾನು ಬರೆದದ್ದು, ನಿಮ್ಮ ಬೇಡಿಕೆಗಳನ್ನ ಮುಂದಿನ ಕಾಲ್‌ನಲ್ಲಿ ಇಲ್ಲವಾಗಿಸ್ತೀವಿ ಅಂತ! ಕ್ಲೈಂಟು ಮೂರು ಜನರನ್ನ ಸಿಸಿಯಲ್ಲಿ ಹಾಕಿ, ನಮ್ಮ ಅಗತ್ಯಗಳು ಅಗತ್ಯವೇ ಅಲ್ಲ ಅಂತ ನೀವು ತೀರ್ಮಾನಿಸಿದ್ದೀರಾ ಅಂತ ಕೇಳಿದ. ಮ್ಯಾನೇಜರು ನನ್ನನ್ನ ಕರೆದು ಬೈಯಲಿಲ್ಲ, ಅದೇ ಕಷ್ಟವಾಗಿದ್ದು. ‘ಅಂಡರ್‌ಸ್ಟ್ಯಾಂಡ್ ಅನ್ನೋ ಪದ ಬರುತ್ತಲ್ವೇನಪ್ಪಾ ನಿಂಗೆ?’ ಅಂದರು. ಬರ್ತಿತ್ತು ಸ್ವಾಮಿ. ಹೈಸ್ಕೂಲಿಂದಲೇ ಬರ್ತಿತ್ತು. ಆ ಪದ ನನಗೆ ಬಡವರ ಮನೆ ಪದ ಅನ್ನಿಸಿತ್ತು.

ಈಗ ಒಂದು ಸಣ್ಣ ಲೆಕ್ಕ ನೋಡಿ. ಲಾಂಗ್‌ಮನ್‌ನವರು 1978ರಲ್ಲಿ ಇಂಗ್ಲಿಷ್ ಕಲಿಯೋರಿಗಾಗಿ ಒಂದು ನಿಘಂಟು ತಂದರು. ಅದರ ವಿಶೇಷ ಏನಂದ್ರೆ, ಒಳಗಿನ ಸಾವಿರ ಸಾವಿರ ಪದಗಳ ಅರ್ಥವನ್ನೆಲ್ಲ ಅವರು ವಿವರಿಸಿದ್ದು ಸುಮಾರು 2000 ಸಾಮಾನ್ಯ ಪದಗಳ ಒಳಗೇ. ಇದನ್ನ ಒಂದು ನಿಮಿಷ ಯೋಚಿಸಿ. ಇಂಗ್ಲಿಷಿನ ಕಠಿಣ ಪದಗಳಲ್ಲಿ ಇರೋ ಅರ್ಥವನ್ನೆಲ್ಲ ಈ 2000 ಪದ ಹೊರಬಲ್ಲವು. ಅಂದ್ಮೇಲೆ ಸ್ಪ್ರಿಂಟ್ ಯಾಕೆ ತಡವಾಯ್ತು ಅಂತ ಹೇಳೋಕೆ ಇನ್ಯಾವ ಪದ ಬೇಕು?

ಇದು ಹೊಸ ಮಾತೂ ಅಲ್ಲ. ನೂರು ವರ್ಷದ ಹಿಂದೆ ಮೈಕಲ್ ವೆಸ್ಟ್ ಅನ್ನೋ ಬ್ರಿಟಿಷ್ ಶಿಕ್ಷಣ ಅಧಿಕಾರಿ ಢಾಕಾದಲ್ಲಿದ್ದ. ಬಂಗಾಳಿ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಓದಿದರೂ ಒಂದು ಪುಸ್ತಕ ಸಲೀಸಾಗಿ ಓದಲಾರದ್ದು ಅವನ ಕಣ್ಣಿಗೆ ಬಿತ್ತು. ಹೆಚ್ಚು ಬಳಕೆಯ ಪದಗಳನ್ನ ಮೊದಲು ಕಲಿಸಿ, ಹೊಸ ಪದಗಳನ್ನ ಕಡಿಮೆ ಸಂಖ್ಯೆಯಲ್ಲಿ ತಂದು, ಬಂದ ಪದಗಳನ್ನ ಮತ್ತೆ ಮತ್ತೆ ಬಳಸೋ ಹಾಗೆ ಅವನು ಪಾಠಪುಸ್ತಕ ಮಾಡಿದ. ಸುಮಾರು 2000 ಪದಗಳ ಅವನ ‘ಜನರಲ್ ಸರ್ವಿಸ್ ಲಿಸ್ಟ್’ 1953ರಲ್ಲಿ ಬಂತು. ನಮ್ಮ ಉಪಖಂಡದ ಮಕ್ಕಳನ್ನ ನೋಡಿ ಹುಟ್ಟಿದ ಪಾಠವನ್ನ ಇವತ್ತು ನಮ್ಮ ಮೆಟ್ರೋದಲ್ಲೇ ರೀಲಿನ ಮೇಷ್ಟ್ರು ತಲೆಕೆಳಗು ಮಾಡ್ತಿದ್ದಾರೆ.

ಇನ್ನು ಉರು ಹೊಡೆಯೋ ವಿಷಯ. ಕನ್ನಡದಲ್ಲೇ ನೋಡಿ. ಅಜ್ಜಿ ತೀರಿಕೊಂಡರು. ನಾಯಿ ಸತ್ತುಹೋಯ್ತು. ಸ್ವಾಮಿಗಳು ಲಿಂಗೈಕ್ಯರಾದರು. ಸೈನಿಕ ಹುತಾತ್ಮನಾದ. ಊರಿಗೆಲ್ಲ ಸಾಲ ಮಾಡಿದವನ ಬಗ್ಗೆ ಕಟ್ಟೆ ಮೇಲೆ ಕೂತವರು ‘ಗೊಟಕ್ ಅಂದ’ ಅಂತಾರೆ. ಯಾರೋ ಪರದೇಶದವನಿಗೆ ಇವನ್ನೆಲ್ಲ ಒಂದು ಪಟ್ಟಿ ಮಾಡಿ, ಎದುರಿಗೆ ‘ಡೈ’ ಅಂತ ಬರೆದುಕೊಟ್ಟರೆ ಏನಾಗುತ್ತೆ? ಪಕ್ಕದ ಮನೆ ಸಾವಿಗೆ ಬಂದು, ಕೈ ಮುಗಿದು, ‘ನಿಮ್ಮ ತಂದೆಯವರು ಗೊಟಕ್ ಅಂದ್ರಂತೆ, ಕೇಳಿ ಬೇಜಾರಾಯ್ತು’ ಅಂತಾನೆ. ಪಟ್ಟಿ ಪ್ರಕಾರ ಅವನದು ತಪ್ಪೇ ಇಲ್ಲ.

ನಾವು ಇಂಗ್ಲಿಷಿನಲ್ಲಿ ದಿನಾ ಮಾಡ್ತಿರೋದು ಇದನ್ನೇ. ಒಬ್ಬ ಸ್ನೇಹಿತ ತನ್ನ ಬಾಸ್‌ನ ಬೀಳ್ಕೊಡುಗೆಯಲ್ಲಿ, ಸ್ಟ್ರಿಕ್ಟ್ ಆಗಿರೋದಕ್ಕೆ ನಮ್ಮ ಸರ್ ‘ನಟೋರಿಯಸ್’ ಅಂದುಬಿಟ್ಟ. ಪ್ರಸಿದ್ಧರು ಅಂತ ಅವನ ಲೆಕ್ಕ, ಕುಖ್ಯಾತರು ಅಂತ ಸಭಿಕರ ಲೆಕ್ಕ. ಪದಕ್ಕೆ ಅರ್ಥ ಮಾತ್ರ ಇರೋದಲ್ಲ. ಅಕ್ಕಪಕ್ಕದ ಮನೆಯವರು ಇರ್ತಾರೆ, ಜಾತಕ ಇರುತ್ತೆ, ಯಾವ ಮನೆಗೆ ಹೋಗಬೇಕು ಯಾವ ಮನೆಗೆ ಹೋಗಬಾರದು ಅನ್ನೋದಿರುತ್ತೆ. ಮಳೆಗೆ ‘ಹೆವಿ’ ಅಂತಾರೆ, ಗಾಳಿಗೆ ‘ಸ್ಟ್ರಾಂಗ್’ ಅಂತಾರೆ. ಯಾಕೆ ಅಂದ್ರೆ ಉತ್ತರ ಇಲ್ಲ, ಹಾಗೇ ಅಂತಾರೆ ಅಷ್ಟೇ. ಇದು ಗೊತ್ತಾಗೋದು ಆ ಪದವನ್ನ ಅದರ ಬೀದಿಯಲ್ಲೇ ಹತ್ತು ಸಲ ಕಂಡಾಗ. ಹಳದಿ ಚೀಟಿಯಲ್ಲಿ ಪದ ಒಂಟಿಯಾಗಿ ಕೂತಿರುತ್ತೆ.

ಮೇಷ್ಟ್ರ ‘ವೆರಿ ಟಯರ್ಡ್’ನ ಕಥೆಯೂ ಅದೇ. ಸಂಜೆ ಮನೆಗೆ ಬಂದು ನಾವು ‘ತುಂಬ ಸುಸ್ತು’ ಅಂತೀವಿ. ‘ನಾನು ಬಳಲಿ ಬೆಂಡಾಗಿದ್ದೇನೆ’ ಅಂತ ದಿನಾ ಅಂದ್ರೆ ಹೆಂಡತಿ ಥರ್ಮಾಮೀಟರ್ ತರ್ತಾಳೆ. ಇಂಗ್ಲಿಷಿನವರ ಮನೆಯಲ್ಲೂ ‘ವೆರಿ ಟಯರ್ಡ್’ ಆರಾಮಾಗಿ ಓಡಾಡ್ಕೊಂಡಿದೆ.

ಈಗ ಎದುರು ವಾದಕ್ಕೆ ಬರ್ತೀನಿ. ‘ಅಲ್ರೀ, ಜಿಆರ್‌ಇ ಬರೆಯೋರ ಗತಿ ಏನು?’ ಅಂತ ಕೇಳಬಹುದು. ಜಿಆರ್‌ಇ ಪರೀಕ್ಷೆಯವರೇ 2011ರಲ್ಲಿ ವಿರುದ್ಧಪದ, ಪದಸಂಬಂಧದ ಪ್ರಶ್ನೆಗಳನ್ನ ತೆಗೆದುಹಾಕಿದರು. ಈಗ ಪದವನ್ನ ವಾಕ್ಯದೊಳಗೆ ಇಟ್ಟೇ ಕೇಳ್ತಾರೆ. 2016ರಲ್ಲಿ ಸ್ಯಾಟ್ ಪರೀಕ್ಷೆಯೂ ಅಪರೂಪದ ಪದಗಳ ಹಿಂದೆ ಹೋಗೋದನ್ನ ಬಿಟ್ಟಿತು. ಎಂಎಸ್ ಮಾಡೋಕೆ ಹೋಗೋರಿಗೆ ಪದ ಬೇಕು, ಒಪ್ಪಿದೆ. ಅವರಿಗೆ ಅಂತಲೇ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಒಂದು ಪಟ್ಟಿ ಮಾಡಿದಳು. ವಿದ್ವತ್ ಬರಹಗಳಲ್ಲಿ ಮತ್ತೆ ಮತ್ತೆ ಬರೋ 570 ಪದಕುಟುಂಬಗಳು. ಅದರಲ್ಲಿ ಇರೋದು ‘ಅನಲೈಸ್’, ‘ಡೇಟಾ’, ‘ಮೆಥಡ್’ ಥರದ ಪದಗಳು. ರೀಲ್ ಮಾಡಿದ್ರೆ ಒಬ್ಬನೂ ನೋಡಲ್ಲ.

ಇನ್ನೂ ಗಟ್ಟಿಯಾದ ವಾದ ಒಂದಿದೆ. ಒಳ್ಳೆ ಕಾದಂಬರಿ, ಒಳ್ಳೆ ಪತ್ರಿಕೆ ಯಾರ ಸಹಾಯವೂ ಇಲ್ಲದೆ ಓದಬೇಕು ಅಂದ್ರೆ 2000 ಪದ ಎಲ್ಲಿಗೂ ಸಾಲದು. ಪಾಲ್ ನೇಷನ್ ಅನ್ನೋ ವಿದ್ವಾಂಸ 2006ರಲ್ಲಿ ಹಾಕಿದ ಲೆಕ್ಕದಲ್ಲಿ ಅದಕ್ಕೆ 8000ದಿಂದ 9000 ಪದಕುಟುಂಬಗಳ ಪರಿಚಯ ಬೇಕು. ನಿಜ. ಆದರೆ ಪರಿಚಯ ಇರೋ ಎಲ್ಲರನ್ನೂ ಮನೆಗೆ ಊಟಕ್ಕೆ ಕರೆಯಲ್ಲವಲ್ಲ. ಓದುವಾಗ ಗುರುತು ಸಿಕ್ಕರೆ ಸಾಕಾಗೋ ಪದಗಳೇ ಹೆಚ್ಚು. ಅವು ಬರೋದೂ ಓದಿನಿಂದಲೇ. ನನಗೆ ನಿಜವಾಗಿ ಇಂಗ್ಲಿಷ್ ಬಂದದ್ದು ಆರ್.ಕೆ. ನಾರಾಯಣ್‌ರಿಂದ. ಆ ಮನುಷ್ಯ ಮೈಸೂರಿನಲ್ಲಿ ಕೂತು, ನಿಘಂಟು ಕೇಳದ ಇಂಗ್ಲಿಷಿನಲ್ಲಿ ಮಾಲ್ಗುಡಿ ಕಟ್ಟಿ ಲೋಕಕ್ಕೆಲ್ಲ ಓದಿಸಿದರು. ಅವರಿಗೆ ಸಾಕಾದ ಪದಗಳು ನಮ್ಮ ಸ್ಟೇಟಸ್ ರಿಪೋರ್ಟಿಗೆ ಸಾಲದೆ ಹೋದವೇ?

‘ದೊಡ್ಡ ಪದ ಬಳಸಿದರೆ ಎದುರಿನವರಿಗೆ ಗೌರವ ಬರುತ್ತೆ’ ಅನ್ನೋದು ಕೊನೆಯ ವಾದ. ಶಶಿ ತರೂರ್ 2017ರಲ್ಲಿ ‘ಫರಾಗೋ’ ಅಂತ ಟ್ವೀಟ್ ಮಾಡಿದ್ದೇ ತಡ, ದೇಶವೆಲ್ಲ ನಿಘಂಟು ತೆರೆದದ್ದು ನೆನಪಿರಬಹುದು. ತರೂರರಿಗೆ ಅದು ಒಪ್ಪುತ್ತೆ. ಅವರನ್ನ ಜನ ಅದಕ್ಕೇ ಓದ್ತಾರೆ. ನಮ್ಮ ಮೇಲನ್ನ ಜನ ಓದೋದು ಬಿಲ್ಡ್ ಯಾಕೆ ಒಡೀತು ಅಂತ ತಿಳಿಯೋಕೆ. ಡೇನಿಯಲ್ ಒಪನ್‌ಹೈಮರ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನ ಪರೀಕ್ಷೆಗೇ ಒಡ್ಡಿದ. ಸುಮ್ಮಸುಮ್ಮನೆ ಕಠಿಣ ಪದ ತುರುಕಿದ ಬರಹ ಓದಿದವರು ಬರೆದವನನ್ನ ಹೆಚ್ಚು ಬುದ್ಧಿವಂತ ಅಂದುಕೊಳ್ಳಲಿಲ್ಲ, ಕಡಿಮೆ ಬುದ್ಧಿವಂತ ಅಂದುಕೊಂಡರು. ಆ ಪ್ರಬಂಧಕ್ಕೆ ಅವನು ಬೇಕಂತಲೇ ಬಾಯಿ ತಿರುಗದಂಥ ಹೆಸರಿಟ್ಟಿದ್ದ. 2006ರಲ್ಲಿ ಅದಕ್ಕೆ ಇಗ್ನೊಬೆಲ್ ಬಹುಮಾನವೂ ಬಂತು. ನಗು ಬರುತ್ತೆ. ನನಗೆ ನನ್ನ ಮೇಲ್ ನೆನಪಾಗಿ ಅಷ್ಟು ನಗು ಬರಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನ ಬರೀತಿರಲಿಲ್ಲ. ಯಾರೋ ಹತ್ತು ಪದ ಉರು ಹೊಡೆದರೆ ನನ್ನ ಗಂಟೇನು ಹೋಗುತ್ತೆ?

ಕೆಲವು ವರ್ಷದ ಹಿಂದಿನ ಮಾತು. ಆಗ ನಾನು ಮೇಜಿನ ಆಚೆ ಬದಿಗೆ ಬಂದಿದ್ದೆ, ಇಂಟರ್‌ವ್ಯೂ ಮಾಡೋ ಕಡೆಗೆ. ಹಾವೇರಿ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಬೋರ್ಡಿನ ಮೇಲೆ ಕೊಟ್ಟ ಪ್ರಾಬ್ಲಂ ಅವತ್ತು ಬಂದವರಲ್ಲೇ ಚೆನ್ನಾಗಿ ಬಿಡಿಸಿದಳು. ಆಮೇಲೆ, ಯಾಕೆ ಹೀಗೆ ಮಾಡಿದಿರಿ ಅಂತ ವಿವರಿಸಿ ಅಂದ್ವಿ. ಅವಳಿಗೆ ಬರ್ತಿದ್ದ ಸರಳ ಇಂಗ್ಲಿಷಿನಲ್ಲಿ ಹೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಯಾವ ಕೋಚಿಂಗಿನವರು ಹೇಳಿಕೊಟ್ಟಿದ್ದರೋ, ಅವಳು ‘ಪ್ಲೆಥೊರಾ’ ಅಂತ ಶುರು ಮಾಡಿದಳು, ‘ಮೆಟಿಕ್ಯುಲಸ್’ಗೆ ಬಂದಳು, ಅಲ್ಲಿ ನಿಂತುಹೋದಳು. ಮುಂದಿನ ಪದ ಸಿಗಲಿಲ್ಲ. ನೀರು ಕುಡಿದಳು. ಸಾರಿ ಸರ್ ಅಂದಳು.

ಅವಳು ಹೊರಗೆ ಹೋದಮೇಲೆ ಪಕ್ಕದವರು ಶೀಟಿನಲ್ಲಿ ಬರೆದರು: ಟೆಕ್ನಿಕಲಿ ಗುಡ್, ಕಮ್ಯುನಿಕೇಷನ್ ವೀಕ್. ನಾನು ‘ಅವಳು ಕನ್ನಡದಲ್ಲಿ ಹೇಳಲಿ, ನಾನು ಕೇಳ್ತೀನಿ’ ಅನ್ನಬಹುದಿತ್ತು. ‘ಸಣ್ಣ ಪದದಲ್ಲೇ ಹೇಳಮ್ಮ, ಪರವಾಗಿಲ್ಲ’ ಅಂತಾದರೂ ಅನ್ನಬಹುದಿತ್ತು. ಆ ರೂಮಿನಲ್ಲಿ ಅವಳು ಯಾಕೆ ನಿಂತುಹೋದಳು ಅಂತ ಗೊತ್ತಿದ್ದವನು ನಾನೊಬ್ಬನೇ. ಸುಮ್ಮನೆ ಸೈನ್ ಮಾಡಿದೆ.

ಅವಳನ್ನ ಕೆಡಿಸಿದ್ದು ಇಂಗ್ಲಿಷ್ ಕಡಿಮೆ ಇದ್ದದ್ದಲ್ಲ. ಇದ್ದ ಇಂಗ್ಲಿಷ್ ಸಾಲದು ಅಂತ ಅವಳನ್ನ ನಂಬಿಸಿದ್ದು. ಆ ನಂಬಿಕೆಯ ಮೇಲೆ ಕೋರ್ಸು ಮಾರೋರು ಬದುಕ್ತಾರೆ, ಆ್ಯಪ್ ಮಾಡೋರು ಬದುಕ್ತಾರೆ. ಅದಕ್ಕೆ ಗಿರಾಕಿ ಒದಗಿಸೋರು ನಾವು, ಮೇಜಿನ ಆಚೆ ಕೂತು ಕಮ್ಯುನಿಕೇಷನ್ ವೀಕ್ ಅಂತ ಬರೆಯೋರು. ಕಮ್ಯುನಿಕೇಷನ್ ಅಂದ್ರೆ ಹೇಳಿದ್ದು ಅರ್ಥ ಆಗೋದು ಅಂತ ಇಟ್ಟುಕೊಂಡರೆ, ಅವಳು ಬೋರ್ಡಿನ ಮೇಲೆ ಬರೆದದ್ದು ನಮಗೆಲ್ಲ ಅರ್ಥವಾಗಿತ್ತು.

ಹಾಗಾಗಿ ಮೆಟ್ರೋ ಹುಡುಗನಿಗೆ ಹೇಳೋದಿಷ್ಟು. ನಿನಗೆ ಕಾಡೋದು ದೊಡ್ಡ ಪದಗಳಲ್ಲ ಗುರೂ, ‘ಗೆಟ್’, ‘ಪುಟ್’, ‘ಟೇಕ್’ ಥರದ ಪುಟಾಣಿಗಳು. ‘ಪುಟ್ ಆಫ್’ ಬೇರೆ, ‘ಪುಟ್ ಅಪ್ ವಿತ್’ ಬೇರೆ. ಮೀಟಿಂಗಿನಲ್ಲಿ ನಿನ್ನನ್ನ ಬೀಳಿಸೋದು ಅವೇ. ಅವು ಪಟ್ಟಿಗೆ ಸಿಗಲ್ಲ, ಓದಿಗೆ, ಕಿವಿಗೆ ಸಿಗುತ್ವೆ. ಇಷ್ಟವಾದ ಪುಸ್ತಕ ಒಂದನ್ನ ನಿಧಾನಕ್ಕೆ ಓದು. ಒಂದು ಹೊಸ ಪದ ಮೂರು ಕಡೆ ಸಿಗೋವರೆಗೂ ಅದನ್ನ ಮೇಲ್‌ನಲ್ಲಿ ಬಳಸಬೇಡ. ಮೇಲ್ ಬರೆದಮೇಲೆ, ಇದನ್ನೇ ಕನ್ನಡದಲ್ಲಿ ಅಮ್ಮನಿಗೆ ಫೋನಿನಲ್ಲಿ ಹೇಳೋದಾದ್ರೆ ಹೇಗೆ ಹೇಳ್ತಿದ್ದೆ ಅಂತ ಕೇಳ್ಕೋ. ಅಲ್ಲಿ ತಡವರಿಸಿದರೆ ನಿನ್ನ ತೊಂದರೆ ಪದದ್ದಲ್ಲ, ವಿಷಯವೇ ತಲೆಯಲ್ಲಿ ಕೂತಿಲ್ಲ.

ನನ್ನ ಥರ ಮೇಜಿನ ಆಚೆ ಕೂರೋರಿಗೆ ಒಂದೇ ಮಾತು. ಮುಂದಿನ ಸಲ ಆ ಕಾಲಂ ತುಂಬೋ ಮುಂಚೆ, ಎದುರಿಗಿರೋ ಹುಡುಗ ಹುಡುಗಿಗೆ ‘ನಿಮಗೆ ಯಾವ ಭಾಷೆ ಸಲೀಸೋ ಅದರಲ್ಲಿ ಹೇಳಿ’ ಅಂತ ಒಂದು ಸಲ ಅನ್ನಿ. ಬೆಂಗಳೂರಿನ ರೂಮಿನಲ್ಲಿ ಕನ್ನಡ ಅರ್ಥವಾಗೋ ಒಬ್ಬರಾದರೂ ಇರ್ತಾರೆ. ನಾನು ಈಗ ಹಾಗೆ ಕೇಳ್ತೀನಿ. ಹೋದ ತಿಂಗಳು ಕೇಳಿದಾಗ ಕಲಬುರಗಿಯ ಹುಡುಗನೊಬ್ಬ ಒಂದು ಕ್ಷಣ ನಂಬಲಿಲ್ಲ. ‘ಖರೇನ್ರೀ ಸರ?’ ಅಂದ. ಆಮೇಲೆ ಇಪ್ಪತ್ತು ನಿಮಿಷ ನಿಲ್ಲಿಸದೆ ಮಾತಾಡಿದ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಈಗ ನಮ್ಮ ಟೀಮಿನಲ್ಲೇ ಇದ್ದಾನೆ. ಹಾವೇರಿಯ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ.